ಮಾತು ಬಿಟ್ಟವರು ಬುಗ್ಗೆಯ ಊರಿಗೆ ಹೋದದ್ದು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಗಾದೆ ಕಟ್ಟಿದವರ ಮನೆಯಲ್ಲಿ ಕೂಗಾಡುವ ಜಗಳ ಮಾತ್ರ ಇದ್ದಿರಬೇಕು. ಮಾತು ಬಿಡುವ ಜಗಳ ಗಾದೆಗೆಲ್ಲ ಬಗ್ಗುವುದಿಲ್ಲ. ಅದು ನಮ್ಮ ಜೊತೆಯಲ್ಲೇ ಉಣ್ಣುತ್ತದೆ, ಮಲಗುತ್ತದೆ, ಬೆಳಗ್ಗೆ ನಮಗಿಂತ ಮೊದಲೇ ಎದ್ದು ಅಡುಗೆಮನೆಯಲ್ಲಿ ಬಂದು ಕೂತಿರುತ್ತದೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೇ ಪದ್ಧತಿ. ನನಗೆ ಕೂಗಾಡಲು ಧೈರ್ಯವಿಲ್ಲ, ನನ್ನ ಹೆಂಡತಿ ಪದ್ಮಿನಿಗೆ ಕೂಗಾಡುವುದು ಮರ್ಯಾದೆಯಲ್ಲ. ಹಾಗಾಗಿ ಮಾತು ಬಿಡುತ್ತೇವೆ.

ಮಾತು ಬಿಡಲು ಮನೆಯಲ್ಲಿ ಮೂರನೆಯವರೊಬ್ಬರು ಬೇಕೇ ಬೇಕು. ಬೆಂಗಳೂರಿನಲ್ಲಿ ನಮ್ಮ ತಂದೆ ತಾಯಿ ಮಾತು ಬಿಟ್ಟಾಗ ಆ ಕೆಲಸ ನನ್ನದಾಗಿತ್ತು. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಅಮ್ಮ, ಊಟಕ್ಕೆ ಏಳಬೇಕಂತೆ ಎಂದು ನಿಮ್ಮಪ್ಪನಿಗೆ ಹೇಳು ಎನ್ನುತ್ತಿದ್ದರು. ಅಪ್ಪ, ಹಸಿವಿಲ್ಲವಂತೆ ಎಂದು ನಿಮ್ಮಮ್ಮನಿಗೆ ಹೇಳು ಎಂದು ಹೇಳಿ ಎದ್ದು ತಟ್ಟೆಯ ಮುಂದೆ ಕೂರುತ್ತಿದ್ದರು. ಸ್ವೀಡನ್ನಿಗೆ ಬಂದ ಮೇಲೆ ಆ ಅಂಚೆಯ ಕೆಲಸ ನಮ್ಮ ಮಗಳು ಅನಘಾಳ ಪಾಲಿಗೆ ಬಂತು. ಅವಳು ಇಲ್ಲೇ ಬೆಳೆದ ಹುಡುಗಿ. ನಾವು ಕನ್ನಡದಲ್ಲಿ ಕೊಟ್ಟ ಸಂದೇಶವನ್ನು ಸ್ವೀಡಿಷ್‌ನಲ್ಲಿ ತಲುಪಿಸುವಷ್ಟರಲ್ಲಿ ಅದರ ಖಾರವೆಲ್ಲ ಇಳಿದು ಹೋಗಿರುತ್ತಿತ್ತು. ಅದಕ್ಕೇ ನಮ್ಮ ಜಗಳಗಳು ಎರಡು ದಿನಕ್ಕಿಂತ ಹೆಚ್ಚು ಬಾಳಿದ್ದಿಲ್ಲ.

ಈ ಸಲ ಹಾಗಾಗಲಿಲ್ಲ. ಯಾಕೆಂದರೆ ಅಂಚೆಯವಳೇ ಊರು ಬಿಟ್ಟಿದ್ದಳು.

ಅನಘಾಗೆ ಕಾರ್ಲ್‌ಸ್ಟಾಡ್‌ನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಆಗಸ್ಟ್ ಕೊನೆಯಲ್ಲಿ ನಾವಿಬ್ಬರೂ ಅವಳನ್ನು ಬಿಟ್ಟು ಬರಲು ನಾವಿರುವ ನಾರ್‌ಶೋಪಿಂಗ್‌ನಿಂದ ಕಾರಿನಲ್ಲಿ ಹೊರಟೆವು. ಹೊರಡುವ ಮೊದಲು ಪದ್ಮಿನಿ ಡಿಕ್ಕಿಯಲ್ಲಿ ತುಂಬಿದ ಸಾಮಾನು ನೋಡಿದರೆ ಹುಡುಗಿ ಓದಲು ಹೋಗುತ್ತಿದ್ದಾಳೋ ಮೆಸ್ ತೆರೆಯಲು ಹೋಗುತ್ತಿದ್ದಾಳೋ ಎನ್ನುವ ಹಾಗಿತ್ತು. ಹಾಸ್ಟೆಲಿನ ಅಡುಗೆಮನೆಯಲ್ಲಿ ತನಗೆ ಸಿಗುವುದು ಒಂದೇ ಒಂದು ಶೆಲ್ಫು ಎಂದು ಅನಘಾ ಗೋಗರೆದಳು. ನಾನು ಮಗಳ ಪಕ್ಷ ವಹಿಸಿ, ಸಾರಿನ ಪುಡಿ, ಹುಣಿಸೆಹಣ್ಣು, ಚಕ್ಕುಲಿ ಇದ್ದ ದೊಡ್ಡ ಡಬ್ಬವನ್ನು ಇಳಿಸಿ ಮನೆಯೊಳಗಿಟ್ಟೆ. ಇಳಿಸುವಾಗ, ಅವಳು ಹೋಗುತ್ತಿರುವುದು ಕಾರ್ಲ್‌ಸ್ಟಾಡ್‌ಗೆ, ವನವಾಸಕ್ಕಲ್ಲ ಎಂದೂ ಸೇರಿಸಿದೆ. ಆಗ ಅದು ಒಳ್ಳೆಯ ಮಾತೆನಿಸಿತ್ತು. ಮಗಳನ್ನು ಬಿಟ್ಟು ವಾಪಸು ಹೊರಟ ಮೇಲೆ ಪದ್ಮಿನಿ ಕಾರಿನಲ್ಲಿ ತುಟಿ ಬಿಚ್ಚಲಿಲ್ಲ. ಸಾರಿನ ಪುಡಿಯ ಸಿಟ್ಟು, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ.

ಎರಡು ವಾರವಾಯಿತು. ಮೂರಾಯಿತು. ಪದ್ಮಿನಿ ನನಗೆ ಹೇಳಬೇಕಾದ್ದನ್ನೆಲ್ಲ ಕಿಟಕಿಯಲ್ಲಿದ್ದ ಕರಿಬೇವಿನ ಕುಂಡಕ್ಕೆ ಹೇಳತೊಡಗಿದಳು. ಹಾಲು ಮುಗಿದಿದೆ, ನಾಳೆ ಡಾಗಿಸ್‌ನಲ್ಲಿ ಮೀಟಿಂಗ್ ಇದೆ, ಬರುವುದು ತಡ. ಅವಳು ಡಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ ಟೀಚರು. ಹಟ ಮಾಡುವವರನ್ನು ಗಮನಿಸದೆ ಬಿಟ್ಟುಬಿಡುವುದರಲ್ಲಿ ತರಬೇತಿ ಪಡೆದವಳು. ನಾನೂ ಕುಂಡದ ಮುಂದೆ ನಿಂತು ಆಯಿತು ಎನ್ನುತ್ತಿದ್ದೆ. ಮಗಳು ವಿಡಿಯೋ ಕಾಲ್ ಮಾಡಿದಾಗ ಮಾತ್ರ ಇಬ್ಬರೂ ಸೋಫಾದ ಮೇಲೆ ಒತ್ತಿಕೊಂಡು ಕೂತು, ಮದುವೆ ಫೋಟೋದಲ್ಲಿದ್ದಂತೆ ನಕ್ಕು, ಕಾಲ್ ಮುಗಿದ ಕೂಡಲೇ ಸೋಫಾದ ಎರಡು ತುದಿಗೆ ಸರಿಯುತ್ತಿದ್ದೆವು.

ನಮ್ಮ ನಟನೆ ಬಹಳ ಚೆನ್ನಾಗಿದ್ದಿರಬೇಕು. ಮಗಳು ಬೇಸಿಗೆಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದ ಹಣದಿಂದ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ಒಂದು ಉಡುಗೊರೆ ಕಳಿಸಿದಳು. ಕಾಡಿನ ನಡುವೆ ಇರುವ ಹಳೆಯ ಬುಗ್ಗೆಯ ಊರೊಂದರಲ್ಲಿ ಒಂದು ರಾತ್ರಿ, ಸ್ನಾನ, ಊಟ, ಇಬ್ಬರಿಗೆ. ಬೇಡವೆನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಶನಿವಾರ ಬೆಳಗ್ಗೆ ಪದ್ಮಿನಿ ಕರಿಬೇವಿಗೆ ನೀರು ಹಾಕಿ, ನಾಳೆ ಬರುತ್ತೇವೆ ಎಂದು ಅದಕ್ಕೆ ಹೇಳಿ ಕಾರು ಹತ್ತಿದಳು. ದಾರಿಯುದ್ದಕ್ಕೂ ಮಾತಾಡಿದವಳು ಜಿಪಿಎಸ್ ಹೆಂಗಸು ಒಬ್ಬಳೇ.

ಆ ಊರಿನ ಹೆಸರು ಹೇಳುವುದಿಲ್ಲ, ನೀವು ಹೋದರೆ ನನ್ನ ಬಗ್ಗೆ ವಿಚಾರಿಸಬಹುದು. ಸ್ವೀಡನ್ನಿನಲ್ಲಿ ಇಂಥ ಊರುಗಳು ಹಲವಾರಿವೆ. ಹಿಂದೊಂದು ಕಾಲದಲ್ಲಿ ಯಾರೋ ವೈದ್ಯರು ಬುಗ್ಗೆಯ ನೀರು ಕುಡಿದು ನೋಡಿ, ಇಷ್ಟು ಕೆಟ್ಟ ರುಚಿಯಿದೆ ಎಂದರೆ ಔಷಧಿಯೇ ಇರಬೇಕು ಎಂದರು. ಸರಿ, ರಾಜಮನೆತನದವರು, ಜಮೀನ್ದಾರರು, ಪಾದ್ರಿಗಳು ಬೇಸಿಗೆಯಲ್ಲಿ ವಾರಗಟ್ಟಲೆ ಬಂದು ಉಳಿದರು. ಅವರಿಗಾಗಿ ಹಳದಿ ಬಣ್ಣದ ಮರದ ಮನೆಗಳು, ಲಿಂಡೆನ್ ಮರಗಳ ಸಾಲು, ಪುಟ್ಟದೊಂದು ಚರ್ಚು, ಬ್ಯಾಂಡಿನವರಿಗೊಂದು ಮಂಟಪ ಎದ್ದವು. ಬಂದವರೆಲ್ಲ ಬೆಳಗ್ಗೆ ಗಂಟೆ ಹೊಡೆದಾಗ ನೀರು ಕುಡಿಯಬೇಕು, ಆಮೇಲೆ ನಡೆಯಬೇಕು, ಮೀಯಬೇಕು, ಮಲಗಬೇಕು, ಸಂಜೆ ಗಂಜಿ ಕುಡಿಯಬೇಕು. ನಮ್ಮಜ್ಜಿ ಪಥ್ಯವೆಂದು ಮಾಡಿಸುತ್ತಿದ್ದುದೂ ಇದನ್ನೇ, ಬ್ಯಾಂಡ್ ಒಂದು ಇರಲಿಲ್ಲ ಅಷ್ಟೆ. ಈಗಲೂ ಆ ಊರು ಹಾಗೆಯೇ ಇದೆ. ಸೀಸನ್ನಿನ ಕೊನೆಯ ವಾರಾಂತ್ಯವಾದ್ದರಿಂದ ಲಿಂಡೆನ್ ಎಲೆಗಳು ಹಳದಿಯಾಗಿ ಮನೆಗಳ ಬಣ್ಣಕ್ಕೆ ತಿರುಗಿದ್ದವು.

ಸ್ವಾಗತದ ಮೇಜಿನ ಹುಡುಗಿ ನಮಗೆ ಬಿಳಿಯ ನಿಲುವಂಗಿ, ಚಪ್ಪಲಿ ಕೊಟ್ಟು, ಸ್ವಲ್ಪ ಸಂಕೋಚದಿಂದ ಒಂದು ನಿಯಮ ಹೇಳಿದಳು. ಸ್ನಾನಗೃಹದ ಕಡೆ ಮಾತಾಡುವಂತಿಲ್ಲ, ಫೋನಿಲ್ಲ, ತೀರಾ ಅಗತ್ಯವಿದ್ದರೆ ಪಿಸುಮಾತು. ಕೆಲವರಿಗೆ ಕಷ್ಟವಾಗುತ್ತದೆ ಎಂದಳು. ನಮಗೇನೂ ಕಷ್ಟವಿಲ್ಲ ಎಂದೆ. ಮೂರು ವಾರದಲ್ಲಿ ನಾನು 'ನಾವು' ಎಂದು ಸೇರಿಸಿ ಆಡಿದ ಮೊದಲ ವಾಕ್ಯ ಅದು. ಪದ್ಮಿನಿಯ ತುಟಿಯ ತುದಿ ಸ್ವಲ್ಪ ಅಲುಗಿದ ಹಾಗಿತ್ತು, ಆದರೆ ಅವಳು ತಕ್ಷಣ ಗೋಡೆಯ ಮೇಲಿನ ಚಿತ್ರ ನೋಡತೊಡಗಿದಳು.

ನಮ್ಮ ಕಷ್ಟ ಶುರುವಾದದ್ದು ಆ ನಿಯಮದಿಂದಲೇ. ಮನೆಯಲ್ಲಿ ನಾನು ಮಾತಾಡದಿದ್ದರೆ ಅದಕ್ಕೊಂದು ತೂಕವಿತ್ತು, ಇವನಿಗೆ ಸಿಟ್ಟು ಬಂದಿದೆ ಎಂದು ತಿಳಿಯುತ್ತಿತ್ತು. ಇಲ್ಲಿ ಎಲ್ಲರೂ ಮಾತಾಡದೆ ಓಡಾಡುತ್ತಿದ್ದರು. ಬೆಚ್ಚಗಿನ ಕೊಳದಲ್ಲಿ ಉಳಿದ ಗಂಡ ಹೆಂಡಿರು ತಡೆಯಲಾರದೆ ಗುಸುಗುಸು ಎನ್ನುತ್ತ, ಕೊಳ ನೋಡಿಕೊಳ್ಳುವವನು ತುಟಿಗೆ ಬೆರಳಿಡುವಂತೆ ಮಾಡುತ್ತಿದ್ದರು. ನಮ್ಮಿಬ್ಬರನ್ನು ನೋಡಿ ಮಾತ್ರ ಅವನು ಮೆಚ್ಚಿ ತಲೆದೂಗಿದ. ಮುನಿಸಿಕೊಂಡಿದ್ದಕ್ಕೆ ಹೀಗೆ ಶಭಾಷ್ ಸಿಕ್ಕಿದರೆ ಮುನಿಸಿಗೇನು ಬೆಲೆ?

ಬುಗ್ಗೆಯ ಮನೆಯಲ್ಲಿ ಸ್ಥಿತಿ ಇನ್ನೂ ಕೆಟ್ಟಿತು. ಕಬ್ಬಿಣದ ಅಂಶವಿರುವ ನೀರನ್ನು ಪುಟ್ಟ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಪದ್ಮಿನಿ ಅಭ್ಯಾಸಬಲದಿಂದ ಮೊದಲು ಅಂಗೈಗೆ ಒಂದಿಷ್ಟು ಹಾಕಿಕೊಂಡು, ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ ಕುಡಿದಳು. ಮರುಕ್ಷಣ ಅವಳ ಮುಖ ನೋಡಬೇಕಿತ್ತು. ನಾನೂ ಕುಡಿದೆ. ಹಳೆಯ ಬಾವಿಯ ತುಕ್ಕು ಹಿಡಿದ ರಾಟೆಯನ್ನು ನೆಕ್ಕಿದ ಹಾಗಿತ್ತು. ಇದು ತೀರ್ಥವಲ್ಲ ಕಣೆ, ಪ್ರಾಯಶ್ಚಿತ್ತ ಎಂಬ ಮಾತು ನಾಲಗೆಯ ತುದಿಗೆ ಬಂತು. ನೀರಿನ ಜೊತೆಗೆ ಅದನ್ನೂ ನುಂಗಿದೆ. ಮಾತು ಬಿಟ್ಟ ಗಂಡಸಿಗೆ ಒಳ್ಳೆಯ ಜೋಕು ಹೊಳೆಯುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಮಧ್ಯಾಹ್ನ ಕೆಸರಿನ ಸ್ನಾನ. ಮಗಳ ಉಡುಗೊರೆಯಲ್ಲಿ ಅದೇ ಮುಖ್ಯವಂತೆ. ಒಂದು ಮರದ ಕೋಣೆ, ಎರಡು ಮಂಚ, ಕರಿನ್ ಎಂಬ ಗಟ್ಟಿಮುಟ್ಟಾದ ಹೆಂಗಸು. ಆಕೆ ನನ್ನ ಕನ್ನಡಕ ತೆಗೆದಿಟ್ಟು, ಕೆರೆಯ ತಳದಿಂದ ತಂದ ಬಿಸಿಬಿಸಿ ಕರಿ ಕೆಸರನ್ನು ಕತ್ತಿನಿಂದ ಕಾಲಿನವರೆಗೆ ಮೆತ್ತಿ, ಕೆನ್ನೆಗೂ ಒಂದಿಷ್ಟು ಬಳಿದು, ಕೈಗಳನ್ನು ಒಳಗೇ ಸೇರಿಸಿ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಕಂಬಳಿ ಬಿಗಿದಳು. ಬಾಳೆಲೆಯಲ್ಲಿ ಸುತ್ತಿದ ಕಡುಬಿನ ಕಷ್ಟ ನನಗೆ ಅವತ್ತು ಅರ್ಥವಾಯಿತು. ಪಕ್ಕದ ಮಂಚದಲ್ಲಿ ಪದ್ಮಿನಿಯನ್ನೂ ಹಾಗೆಯೇ ಸುತ್ತಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಪಿಸುಗುಟ್ಟಿ ಕರಿನ್ ಬಾಗಿಲೆಳೆದುಕೊಂಡು ಹೋದಳು.

ಆಕೆ ಹೋದ ಕೂಡಲೇ ನನ್ನ ಮೂಗು ತುರಿಸತೊಡಗಿತು.

ಮೊದಲು ಮೂಗು ಸೊಟ್ಟ ಮಾಡಿದೆ. ಹುಬ್ಬು ಕುಣಿಸಿದೆ. ತಲೆ ಹೊರಳಿಸಿ ದಿಂಬಿಗೆ ಉಜ್ಜಲು ನೋಡಿದೆ, ದಿಂಬು ಎಟುಕಲಿಲ್ಲ. ಕಣ್ಣಲ್ಲಿ ನೀರು ಬಂತು. ದೇವರ ಧ್ಯಾನ ಮಾಡೋಣವೆಂದರೆ ದೇವರೂ ಮೂಗಿನ ಮೇಲೇ ಬಂದು ಕೂತ. ಆಗ ಪಕ್ಕದ ಮಂಚದಿಂದ ಒಂದು ಪಿಸುಮಾತು ಕೇಳಿಸಿತು.

"ಮೂಗಾ?"

"ಹೂಂ."

"ನನ್ನ ಕೈಯೂ ಒಳಗಿದೆ," ಎಂದಳು. ಮತ್ತೆ, "ಕೆಳತುಟಿ ಮುಂದೆ ಮಾಡಿ ಮೇಲಕ್ಕೆ ಊದಿ ನೋಡಿ."

ಊದಿದೆ. ಕೆನ್ನೆಯ ಮೇಲಿನ ಕೆಸರು ಹಾರಿ ಕಣ್ಣಿಗೇ ಬಿತ್ತು. ಪದ್ಮಿನಿ ನಕ್ಕಳು. ಶಬ್ದ ಮಾಡಬಾರದಲ್ಲ, ಹಾಗಾಗಿ ಅವಳ ಕಂಬಳಿಯ ಗಂಟೇ ಕುಲುಕಾಡಿತು. ನಾನೂ ನಕ್ಕೆ. ಕನ್ನಡಕವಿಲ್ಲದ ನನಗೆ ಅವಳು ಮಸುಕಾಗಿ ಮಾತ್ರ ಕಾಣುತ್ತಿದ್ದಳು. ಹಾಗಾಗಿ ಆ ಕುಲುಕಾಟ ಯಾವಾಗ ಬೇರೆಯದೇ ಆಯಿತು ಎನ್ನುವುದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಪಾರ್ಕಿಂಗ್ ಇನ್ನೂ ಇತ್ತಲ್ಲ ರೀ," ಎಂದಳು.

"ಯಾವ ಪಾರ್ಕಿಂಗು?"

"ಕಾರ್ಲ್‌ಸ್ಟಾಡ್‌ದು. ಸಂಜೆ ತನಕ ದುಡ್ಡು ಕಟ್ಟಿದ್ರಿ. ಅವಳು ನೀವಿನ್ನು ಹೊರಡಿ ಅಂದಿದ್ದೇ ತಡ, ಕೀ ಕೈಗೆ ತಗೊಂಡ್ರಿ. ಅವಳ ಹಾಸಿಗೆಗೆ ಒಂದು ಬೆಡ್‌ಶೀಟ್ ಕೂಡ ಹಾಕಿರಲಿಲ್ಲ. ಅದೊಂದು ಹಾಕಿ ಬರೋಣ ಅಂತಿದ್ದೆ ನಾನು."

ಮೂರು ವಾರ ನಾನು ಸಾರಿನ ಪುಡಿಯನ್ನು ಶಪಿಸಿದ್ದೆ. ಪಾಪ, ಅದರದೇನೂ ತಪ್ಪಿರಲಿಲ್ಲ. ಈ ದೇಶದಲ್ಲಿ ಯಾರಾದರೂ ಹೊರಡಿ ಎಂದರೆ ಹೊರಡಬೇಕು, ಅದೇ ಸಭ್ಯತೆ, ಮಕ್ಕಳಿಗೂ ಅದೇ ಇಷ್ಟ ಎಂದೆಲ್ಲ ಹೇಳಲು ಬಾಯಿ ತೆರೆದೆ. ಆದರೆ ಕೈಕಾಲು ಕಟ್ಟಿ ಕೆಸರಿನಲ್ಲಿ ಮಲಗಿಸಿದ ಮನುಷ್ಯನಿಗೆ ಬುರುಡೆ ಬಿಡಲು ಬರುವುದಿಲ್ಲ ಎಂದು ಕಾಣುತ್ತದೆ.

"ಇನ್ನೊಂದು ನಿಮಿಷ ನಿಂತಿದ್ರೆ ಅಳು ಬಂದುಬಿಡ್ತಿತ್ತು ಕಣೆ," ಎಂದೆ. "ಅವಳ ಹೊಸ ಫ್ರೆಂಡ್ಸ್ ಎಲ್ಲ ಅಲ್ಲೇ ಕಾರಿಡಾರಿನಲ್ಲಿ ನಿಂತಿದ್ರಲ್ಲ."

ಅವಳ ಮಸುಕು ಮುಖ ನನ್ನ ಕಡೆ ಹೊರಳಿತು.

"ಮಳೆ ಸುರೀತಿದ್ರೂ ದಾರಿಯುದ್ದಕ್ಕೂ ಕೂಲಿಂಗ್ ಗ್ಲಾಸ್ ಹಾಕ್ಕೊಂಡಿದ್ರಿ," ಎಂದಳು ಆಮೇಲೆ. "ಜಂಬ ಅಂದ್ಕೊಂಡೆ."

ಕರಿನ್ ಬಾಗಿಲು ತೆರೆದು ಒಳಗೆ ಬಂದಾಗ ಎರಡು ಗಂಟುಗಳೂ ನಡುಗುತ್ತಿದ್ದವು, ಎರಡು ಮುಖಗಳ ಕೆಸರಿನಲ್ಲೂ ಗೆರೆ ಬಿದ್ದಿತ್ತು. ಆಕೆ ಗಾಬರಿಯಿಂದ ಕಿಟಕಿ ತೆರೆದು, ಬಿಸಿ ಹೆಚ್ಚಾಯಿತೇ ಎಂದು ಕೇಳಿದಳು. ಸ್ವಲ್ಪ ಎಂದಳು ಪದ್ಮಿನಿ. ಕರಿನ್ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ತಂದು, ಉಂಡೆದ್ದ ಮಕ್ಕಳ ಬಾಯಿ ಒರೆಸುವಂತೆ ಮೊದಲು ಅವಳ ಮುಖ, ಆಮೇಲೆ ನನ್ನ ಮುಖ ಒರೆಸಿದಳು. ಮೂಗಿನ ಮೇಲೆ ಬಟ್ಟೆ ಬಂದಾಗ ನನಗಾದ ಆನಂದವನ್ನು ಇಲ್ಲಿ ವರ್ಣಿಸಲಾರೆ.

ಕೋಣೆಗೆ ಬಂದು ಮಗಳಿಗೆ ಫೋನ್ ಮಾಡಿದೆವು. ಬೆಡ್‌ಶೀಟ್ ಹಾಕ್ಕೊಂಡ್ಯಾ ಎಂದು ಪದ್ಮಿನಿ ಕೇಳಿದ್ದಕ್ಕೆ, ಅಮ್ಮನಿಗೆ ಕೆಸರು ತಲೆಗೇರಿದೆಯೇ ಎಂದು ಅವಳು ಸ್ವೀಡಿಷ್‌ನಲ್ಲಿ ನನ್ನನ್ನು ಕೇಳಿದಳು. ಫ್ರೆಂಡ್ಸ್ ಕಾಯುತ್ತಿದ್ದಾರೆ ಎಂದು ಇಟ್ಟೂಬಿಟ್ಟಳು. ಇಡುವ ಮೊದಲು, ಮುಂದಿನ ತಿಂಗಳು ಬರುತ್ತೀರಾ ಎಂದು ಕನ್ನಡದಲ್ಲಿ ಕೇಳಿದಳು. ಇಬ್ಬರೂ ಒಟ್ಟಿಗೆ ಹೂಂ ಎಂದೆವು. ಕಾಲ್ ಮುಗಿದ ಮೇಲೆ ಯಾರೂ ಸರಿದು ಕೂರಲಿಲ್ಲ.

ಸಂಜೆ ಗಂಜಿಯಾದ ಮೇಲೆ ಆ ಊರಿನಲ್ಲಿ ಒಂದು ಮೆರವಣಿಗೆ ನಡೆಯುತ್ತದೆ. ಹಿತ್ತಾಳೆಯ ವಾದ್ಯದವರು ಮುಂದೆ, ಅತಿಥಿಗಳೆಲ್ಲ ಇಬ್ಬಿಬ್ಬರಾಗಿ ತೋಳಿಗೆ ತೋಳು ಕೊಟ್ಟುಕೊಂಡು ಹಿಂದೆ, ಲಿಂಡೆನ್ ಮರಗಳ ಕೆಳಗೆ ಊರಿಗೊಂದು ಸುತ್ತು. ನಾವು ಬದಿಯಲ್ಲಿ ನಿಂತು ನೋಡುವವರಿದ್ದೆವು. ಪದ್ಮಿನಿ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು ಸಾಲಿನೊಳಗೆ ನುಗ್ಗಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ನಾವು ಬೀದಿಯಲ್ಲಿ ಹಾಗೆ ನಡೆದವರಲ್ಲ. ಜಯನಗರದಲ್ಲಿದ್ದಾಗ ಅವಳು ನನ್ನಿಂದ ಎರಡು ಹೆಜ್ಜೆ ಹಿಂದೆ, ಇಲ್ಲಿಗೆ ಬಂದ ಮೇಲೆ ಎರಡು ಹೆಜ್ಜೆ ಮುಂದೆ. ಪಕ್ಕದಲ್ಲಿ ನಡೆದು ಅಭ್ಯಾಸವೇ ಇಲ್ಲ. ಬ್ಯಾಂಡಿನ ತಾಳಕ್ಕೆ ಎಲ್ಲರ ಎಡಗಾಲು ಬಿದ್ದರೆ ನನ್ನದು ಬಲಗಾಲು. ಮುಂದಿದ್ದವರ ಹಿಮ್ಮಡಿ ತುಳಿದೆ, ಕ್ಷಮೆ ಕೇಳಲು ಬಗ್ಗಿ ಹಿಂದಿದ್ದವರಿಗೆ ಡಿಕ್ಕಿ ಹೊಡೆದೆ.

ಹಿಂದಿದ್ದವರು ಬೆಳ್ಳಿಗೂದಲಿನ ಒಬ್ಬ ಅಜ್ಜ, ಅವರ ಪಕ್ಕ ಅವರಷ್ಟೇ ವಯಸ್ಸಿನ ಅಜ್ಜಿ. ಅಜ್ಜ ನನ್ನ ಕಾಲಿನ ಪಾಡು ನೋಡಿ, ಹೊಸದಾಗಿ ಮದುವೆಯಾದವರೇ ಎಂದು ಕೇಳಿದರು. ನನಗೆ ನಾಚಿಕೆಯಾಗಿ ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಪದ್ಮಿನಿ ತಿರುಗಿ, ತನ್ನ ಡಾಗಿಸ್‌ನಲ್ಲಿ ಅಪ್ಪ ಅಮ್ಮಂದಿರಿಗೆ ವರದಿ ಒಪ್ಪಿಸುವ ಅದೇ ಮೆದು ದನಿಯಲ್ಲಿ ಏನೋ ಹೇಳಿದಳು. ಸುತ್ತಲಿನವರೆಲ್ಲ ನಕ್ಕರು. ಅಜ್ಜಿಯಂತೂ ಕಣ್ಣೊರೆಸಿಕೊಂಡು ನಕ್ಕರು. ನಾನೂ ಎಲ್ಲರೊಂದಿಗೆ ಧಾರಾಳವಾಗಿ ನಕ್ಕೆ.

ನನ್ನ ಸ್ವೀಡಿಷ್ ಸ್ವಲ್ಪ ನಿಧಾನ. ಮಂಟಪದವರೆಗೆ ಹೋಗಿ ತಿರುಗುವಷ್ಟರಲ್ಲಿ ಅರ್ಥವಾಯಿತು. "ಮದುವೆಯಾಗಿ ಇಪ್ಪತ್ತೆರಡು ವರ್ಷವಾಯ್ತು," ಎಂದಿದ್ದಳು. "ಇವರು ಈಗೀಗ ನಡೆಯೋದು ಕಲೀತಿದ್ದಾರೆ."