ಮೂರು ಚೌಕದ ಕಂಪನಿ

ಇಷ್ಟೆಲ್ಲ ಫಜೀತಿಗೆ ಕಾರಣ ಎರಡು ಖಾಲಿ ಚೌಕ, ಅಷ್ಟೇ.

ಆಫೀಸಿನ ಕೆಲಸಕ್ಕೆ ರಾಜೀನಾಮೆ ಬಿಸಾಕಿ, ಮನೆಯಲ್ಲೇ ಕೂತು ವೆಬ್‌ಸೈಟು ಮಾಡಿಕೊಡುವ, ಆನ್‌ಲೈನಿನಲ್ಲಿ ಪ್ರಚಾರ ಮಾಡಿಕೊಡುವ ಕಂಪನಿ ತೆರೆದವನು ನಮ್ಮ ಎಂ.ಡಿ. ಈ ಬಿರುದು ಕೊಟ್ಟವಳು ಅವನ ಹೆಂಡತಿ, ಗೌರವದಿಂದ ಕೊಟ್ಟದ್ದೇನಲ್ಲ. ಎಂ.ಡಿ. ಮೊದಲು ತನ್ನ ಕಂಪನಿಗೇ ಒಂದು ವೆಬ್‌ಸೈಟು ಮಾಡಿಕೊಂಡ. ಆರಿಸಿಕೊಂಡ ಸಿದ್ಧ ಮಾದರಿಯಲ್ಲಿ ‘ನಮ್ಮ ತಂಡ’ ಅಂತ ಒಂದು ಪುಟ, ಫೋಟೋ ಹಾಕಲು ಮೂರು ಚೌಕ. ಒಂದರಲ್ಲಿ ಟೈ ಕಟ್ಟಿಕೊಂಡ ತನ್ನ ಫೋಟೋ ಹಾಕಿದ. ಉಳಿದೆರಡನ್ನು ಖಾಲಿ ಬಿಟ್ಟರೆ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ಅಳಿಸಿದರೆ ಪುಟವೇ ಒಂದು ಕಡೆಗೆ ವಾಲುತ್ತಿತ್ತು. ಸರಿ, ಕೈಗೆ ಸಿಕ್ಕ ಎರಡು ಫೋಟೋ ತುರುಕಿದ. ಒಂದು ಅತ್ತೆಯದು, ಪಾಸ್‌ಪೋರ್ಟಿಗೆಂದು ತೆಗೆಸಿದ್ದು. ಅದರ ಕೆಳಗೆ ‘ಹಿರಿಯ ಸಲಹೆಗಾರ್ತಿ’ ಅಂತ ಬರೆದ. ಇನ್ನೊಂದು ಕೆಳಗಿನ ಮನೆಯ ಟೈಲರ್ ಮಾಮನದು, ಕುತ್ತಿಗೆಗೆ ಟೇಪು ಹಾಕಿಕೊಂಡು ಎತ್ತಲೋ ನೋಡುತ್ತಿದ್ದದ್ದು. ಅವರು ‘ವಿನ್ಯಾಸ ವಿಭಾಗದ ಮುಖ್ಯಸ್ಥರು’ ಆದರು. ಇಬ್ಬರನ್ನೂ ಒಂದು ಮಾತು ಕೇಳಲಿಲ್ಲ. ಯಾರು ನೋಡ್ತಾರೆ ಬಿಡು ಅಂದುಕೊಂಡ.

ಆರು ತಿಂಗಳು ನಿಜಕ್ಕೂ ಯಾರೂ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೆಂಡತಿ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. “ಆರು ತಿಂಗಳು ಕೇಳಿದ್ರಿ, ಕೊಟ್ಟೆ. ಇವತ್ತಿಗೆ ಮುಗೀತು. ಸಂಜೆಯೊಳಗೆ ಒಬ್ಬ ಗಿರಾಕಿ ಸಿಗ್ಲಿಲ್ಲ ಅಂದ್ರೆ ಸೋಮವಾರ ಹಳೇ ಆಫೀಸಿಗೆ ಹೋಗ್ತೀರ. ನಿಮ್ಮ ಕುರ್ಚಿ ಇನ್ನೂ ಖಾಲಿ ಇದೆಯಂತೆ.”

“ಮತ್ತೆ ಆ ಗಡಿಯಾರದ ಕೈಕೆಳಗಾ? ಸತ್ರೂ ಹೋಗಲ್ಲ!”

ಗಡಿಯಾರ ಅಂದರೆ ಹಳೇ ಆಫೀಸಿನ ಮ್ಯಾನೇಜರು. ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದ ಮಹಾನುಭಾವ. ಒಂಬತ್ತರ ಮೇಲೆ ಒಂದು ನಿಮಿಷವಾದರೆ ಕೆಂಪು ಪೆನ್ನಿನ ಗೀಟು. ಕೆಲಸದ ಹೊತ್ತಿನಲ್ಲಿ ಫೋನು ಮುಟ್ಟಿದರೆ ಅದು ಸಂಜೆಯವರೆಗೆ ಅವನ ಡ್ರಾಯರಿನಲ್ಲಿ. ಒಮ್ಮೆ ಎಂ.ಡಿ. ಸಾಲಾಗಿ ಏಳು ಸಲ ಸೀನಿದ್ದಕ್ಕೆ, ಎರಡು ನಿಮಿಷ ಕೆಲಸ ನಿಂತಿತೆಂದು ಮೆಮೊ ಕೊಟ್ಟಿದ್ದ! ಹನ್ನೊಂದು ವರ್ಷ ಆ ಕಾಟ ಸಹಿಸಿ, ಇನ್ನು ತಾಳಲಾರೆ ಅಂತಲೇ ಇವನು ಕೆಲಸ ಬಿಟ್ಟದ್ದು.

ಹತ್ತು ಗಂಟೆಗೆ ಫೋನು ಬಂತು.

“ನಾನು ಹಾಸಿಗೆ ಕಾರ್ಖಾನೆ ಮಾಲೀಕ ಮಾತಾಡ್ತಿರೋದು. ನಿಮ್ಮ ವೆಬ್‌ಸೈಟು ನೋಡ್ದೆ. ಒಂದು ವರ್ಷದ ಕೆಲಸ ಇದೆ. ಆದ್ರೆ ಮುಖಾಮುಖಿ ನೋಡದೇ ಯಾರಿಗೂ ಕೆಲಸ ಕೊಡೋನಲ್ಲ ನಾನು. ಆ ಹಿರಿಯಮ್ಮ ಇದಾರಲ್ಲ, ಅವರ ಮುಖ ನೋಡೇ ಫೋನ್ ಮಾಡಿದ್ದು. ಸುಳ್ಳು ಹೇಳೋ ಮುಖ ಅಲ್ಲ ಸ್ವಾಮಿ ಅದು! ಹನ್ನೊಂದಕ್ಕೆ ಬರ್ತೀನಿ, ತಂಡ ಪೂರ್ತಿ ಇರ್ಲಿ.”

ಫೋನಿಟ್ಟಾಗ ಎಂ.ಡಿ. ಕುಣಿಯಬೇಕಿತ್ತು. ಬದಲಿಗೆ ಒಳಗೆ ಓಡಿದ. ಹಿರಿಯ ಸಲಹೆಗಾರ್ತಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು.

“ಅತ್ತೆ, ನೀವು ನನ್ನ ಕಂಪನಿ ಸಲಹೆಗಾರರು.”

“ಯಾವಾಗಿಂದ?”

“ಆರು ತಿಂಗಳಾಯ್ತು.”

“ಭಲೇ ಅಳಿಯಂದ್ರೆ! ಆರು ತಿಂಗಳಲ್ಲಿ ಒಂದು ಸಲಹೆನಾದ್ರೂ ಕೇಳಿದ್ರಾ? ಕೇಳಿದ್ರೆ ಈ ಗತಿ ಬರ್ತಿತ್ತಾ?” ಅಂದರು ಅತ್ತೆ. ಆದರೂ ಬಟಾಣಿ ಬುಟ್ಟಿ ಎತ್ತಿಕೊಂಡು ಹಾಲಿಗೆ ಬಂದು, ಕೈಯಿರುವ ಕುರ್ಚಿಯಲ್ಲೇ ಕೂತರು.

ಹೆಂಡತಿ ಕಂಪ್ಯೂಟರಿಗೆ ಬಗ್ಗಿ ‘ನಮ್ಮ ತಂಡ’ವನ್ನು ನೋಡಿದಳು. “ಟೈಲರ್ ಮಾಮನಿಗೆ ಜಾಗ ಇದೆ, ಕಟ್ಕೊಂಡವಳಿಗಿಲ್ಲ!”

“ಇದ್ದಿದ್ದೇ ಮೂರು ಚೌಕ ಕಣೇ!”

“ಹಾಗಾದ್ರೆ ನಾನು ಈ ಕಂಪನಿಯವಳಲ್ಲ. ಬಂದವರಿಗೆ ಬಾಗಿಲು ತೆಗೀತೀನಿ, ಅಷ್ಟೇ.”

ಟೈಲರ್ ಮಾಮ ಅರ್ಧ ಹೊಲಿದ ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದರು. “ಇದನ್ನ ಮಧ್ಯಾಹ್ನ ಕೊಡ್ಬೇಕಪ್ಪ, ಕೈಹೊಲಿಗೆ ಹಾಕ್ತಾ ಕೂತಿರ್ತೀನಿ.”

“ಹಾಕಿ ಮಾಮ, ಆದ್ರೆ ಕಂಪ್ಯೂಟರ್ ಮುಂದೆ ಕೂತು ಹಾಕಿ. ಅದನ್ನ ಮಾತ್ರ ದಯವಿಟ್ಟು ಮುಟ್ಟಬೇಡಿ.”

ಹಾಲಿನಲ್ಲಿ ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ಎಂ.ಡಿ. ಬಾಚಿ, ಕೋಣೆಯ ಹಾಸಿಗೆ ಮೇಲೆ ಒಗೆದು, ಮೇಲೊಂದು ಹೊದಿಕೆ ಎಳೆದ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಹಾಸಿಗೆ ಮಾಲೀಕರು ತಮ್ಮ ಮಾಲಿನಷ್ಟೇ ದಪ್ಪಗೆ, ಮೆತ್ತಗೆ ಇದ್ದರು. ಎಂ.ಡಿ. ಚಾಚಿದ ಕೈಯನ್ನು ದಾಟಿ ನೇರ ಟೈಲರ್ ಮಾಮನ ಹತ್ತಿರ ಹೋದರು. “ವಿನ್ಯಾಸ ನೀವೇ ಅಲ್ವಾ? ನನ್ನ ಕೆಲಸ ಎಲ್ಲಿಂದ ಶುರು ಮಾಡ್ತೀರ?”

ಮೂವತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತೆ? “ಮೊದಲು ಅಳತೆ,” ಎಂದು ಮಾಮ ಎದ್ದು ನಿಂತು, ಮಾಲೀಕರ ಸೊಂಟಕ್ಕೆ ಟೇಪು ಸುತ್ತಿಯೇಬಿಟ್ಟರು. ಎಂ.ಡಿ. ಕಣ್ಣು ಮುಚ್ಚಿಕೊಂಡ. ಮಾಲೀಕರು ಮಾತ್ರ ಎರಡೂ ಕೈ ಎತ್ತಿ ವಿಧೇಯರಾಗಿ ನಿಂತರು.

“ನಾಲ್ಕು ಜನ ವೆಬ್‌ಸೈಟಿನವರನ್ನ ನೋಡ್ದೆ ಕಣ್ರೀ. ಒಬ್ಬನೂ ಗಿರಾಕಿನ ಹೀಗೆ ಅಳೆದು ನೋಡ್ಲಿಲ್ಲ!” ಎಂದು ಖುಷಿಪಟ್ಟು ಅತ್ತೆಯ ಕಡೆ ತಿರುಗಿದರು. “ಅಮ್ಮಾ, ನಿಮ್ಮ ಸಲಹೆ ಏನು?”

“ಹಾಸಿಗೆಯವರು ಅಂದ್ರೆ ನೀವೇನಾ? ಬನ್ನಿ ಇಲ್ಲಿ.” ಅತ್ತೆ ಅವರ ಮೊಣಕೈ ಹಿಡಿದು ಕೋಣೆಗೆ ಕರೆದೊಯ್ದರು. ಎಂ.ಡಿ. “ಅತ್ತೆ, ಅತ್ತೆ” ಅನ್ನುತ್ತ ಹಿಂದೆ ಓಡಿದ. ಅಷ್ಟರಲ್ಲಿ ಅವರು ಹೊದಿಕೆ ಸರಕ್ಕನೆ ಎಳೆದೇಬಿಟ್ಟಿದ್ದರು. ಎಂ.ಡಿ.ಯ ಪಟ್ಟೆಪಟ್ಟೆ ಚಡ್ಡಿ ಎಲ್ಲಕ್ಕಿಂತ ಮೇಲೇ ಇತ್ತು. “ಇದು ನಿಮ್ಮದೇ ಹಾಸಿಗೆ. ತಂದು ಎರಡು ವರ್ಷ ತುಂಬಿಲ್ಲ, ಮಧ್ಯ ಹಳ್ಳ ಬಿದ್ದಿದೆ. ಮಲಗಿ ನೋಡಿ.”

ಮಾಲೀಕರು ಒದ್ದೆ ಬಟ್ಟೆಗಳ ನಡುವೆಯೇ ಮಲಗಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳಿ ನೋಡಿದರು.

“ನಿಜ ಅಮ್ಮಾ. ಹಳ್ಳ ಇದೆ.”

“ಮೊದಲು ಹಾಸಿಗೆ ಸರಿ ಮಾಡಿ. ಪ್ರಚಾರ ಆಮೇಲೆ.”

ಮುಗೀತು ಕತೆ ಅಂದುಕೊಂಡ ಎಂ.ಡಿ. ಸೋಮವಾರ, ಕೆಂಪು ಪೆನ್ನು, ಎಲ್ಲ ಕಣ್ಣ ಮುಂದೆ ಬಂದವು. ಅಳುವುದೊಂದು ಬಾಕಿ. ಆದರೆ ಮಾಲೀಕರು ಎದ್ದು ಕೂತಾಗ ಅವರ ಕಣ್ಣೇ ಒದ್ದೆಯಾಗಿತ್ತು. “ಕಾರ್ಖಾನೇಲಿ ನೂರು ಜನ ಇದಾರಮ್ಮಾ, ಒಬ್ಬರಾದ್ರೂ ಮುಖಕ್ಕೆ ಹೀಗೆ ಹೇಳಿದಾರಾ? ಕೆಲಸ ನಿಮಗೇ!” ಜೇಬಿನಿಂದ ಕರಾರು ಪತ್ರವನ್ನೂ ತೆಗೆದರು. “ಒಂದೇ ಷರತ್ತು. ಒಬ್ಬರು ಪ್ಯಾಂಟ್ ಹೊಲೀತಿದಾರೆ, ಇನ್ನೊಬ್ಬರು ಬಟಾಣಿ ಸುಲೀತಿದಾರೆ. ಇಲ್ಲಿ ಶಿಸ್ತು ಸಾಲದು. ವರ್ಷಪೂರ್ತಿ ನನ್ನ ಕಡೆಯವರೊಬ್ರು ದಿನಾ ಇಲ್ಲಿ ಕೂತು ನೋಡ್ಕೋತಾರೆ. ಒಪ್ಪಿಗೆನಾ?”

“ಧಾರಾಳವಾಗಿ ಸರ್!” ಎಂ.ಡಿ. ಪೆನ್ನು ಕಿತ್ತುಕೊಂಡು ಸಹಿ ಜಡಿದ. ಸಂತೋಷಕ್ಕೆ, ಹನ್ನೊಂದು ವರ್ಷ ಕೇಳಿಸಿಕೊಂಡದ್ದೇ ಬಾಯಿಗೆ ಬಂತು. “ಒಂಬತ್ತು ಅಂದ್ರೆ ಒಂಬತ್ತು ಸರ್! ಒಂಬತ್ತು ಒಂದಾದ್ರೆ ಕೆಂಪು ಪೆನ್ನು!”

“ಅರೆ! ನಮ್ಮ ಭಾವನೂ ಇದೇ ಮಾತು ಹೇಳೋದು!” ಎಂದರು ಮಾಲೀಕರು. “ನಿನ್ನೆ ತಾನೇ ರಿಟೈರ್ ಆದ್ರು. ಇವತ್ತು ಬೆಳಿಗ್ಗೆ ಕಾಫಿ ಏಳು ನಿಮಿಷ ತಡ ಆಯ್ತು ಅಂತ ನಮ್ಮಕ್ಕನಿಗೆ ಮೆಮೊ ಕೊಟ್ಟಿದಾರೆ. ಅವಳು ಬೆಳಿಗ್ಗೇನೇ ಫೋನ್ ಮಾಡಿ, ‘ಇವರನ್ನ ಎಲ್ಲಾದ್ರೂ ಕೂರಿಸೋ, ಪುಣ್ಯ ಬರುತ್ತೆ’ ಅಂತ ಅತ್ತಳು. ಕೆಳಗೆ ಕಾರಲ್ಲೇ ಇದಾರೆ. ಹನ್ನೊಂದೂವರೆಗೆ ಬನ್ನಿ ಅಂದಿದ್ದೆ.”

ಗೋಡೆ ಗಡಿಯಾರ ಹನ್ನೊಂದೂವರೆ ತೋರಿಸಿತು. ಕರೆಗಂಟೆ ಸದ್ದಾಯಿತು. ಹೆಂಡತಿ ಬಾಗಿಲು ತೆಗೆದಳು.

ಕಂಕುಳಲ್ಲಿ ಹೊಸ ಹಾಜರಿ ಪುಸ್ತಕ, ಜೇಬಿನಲ್ಲಿ ಹಳೇ ಕೆಂಪು ಪೆನ್ನು. ಗಡಿಯಾರ ಮೊದಲು ಖಾಲಿ ಕುರ್ಚಿಗಳನ್ನು ನೋಡಿದ, ಆಮೇಲೆ ಕೋಣೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದ ಎಂ.ಡಿ.ಯನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಕ್ಕ.

“ಓಹೋ, ನೀವಾ! ಒಳ್ಳೇದಾಯ್ತು. ನಿಯಮ ಹೊಸದಾಗಿ ಹೇಳೋ ಕಷ್ಟ ಇಲ್ಲ.”

ಅತ್ತೆ ಹೆಮ್ಮೆಯಿಂದ ಹಾಜರಿ ಪುಸ್ತಕದ ಮೊದಲ ಸಾಲಿನಲ್ಲಿ ಸಹಿ ಹಾಕಿದರು, ಟೈಲರ್ ಮಾಮ ಎರಡನೆಯದರಲ್ಲಿ. ಎಂ.ಡಿ.ಯ ಹೆಸರಿನ ಮುಂದೆ ಮಾತ್ರ ಕೆಂಪು ಗೀಟು ಬಿತ್ತು; ಒಂಬತ್ತರ ನಿಯಮ ಗೊತ್ತಿದ್ದವನು ಅವನೊಬ್ಬನೇ ತಾನೇ!

“ನೀವಮ್ಮಾ?” ಎಂದು ಕೇಳಿದ ಗಡಿಯಾರ.

“ತಂಡದ ಪುಟದಲ್ಲಿ ನನ್ನ ಫೋಟೋ ಇಲ್ಲ ಸರ್,” ಎಂದಳು ಹೆಂಡತಿ.

“ಹಾಗಾದ್ರೆ ನೀವು ಹೋಗಬಹುದು.”

ಅವಳು ಚೀಲ ತಗುಲಿಸಿಕೊಂಡು ಹಾಯಾಗಿ ಪೇಟೆಗೆ ಹೊರಟಳು. ಅಷ್ಟರಲ್ಲಿ ಎಂ.ಡಿ.ಯ ಫೋನು ಟಿಣ್ ಎಂದಿತು. ಹಳೇ ಆಫೀಸಿನ ಪಕ್ಕದ ಕುರ್ಚಿಯವನ ಸಂದೇಶ: “ಗಡಿಯಾರ ನಿನ್ನೆ ತೊಲಗಿತು ಮಾರಾಯ! ಇವತ್ತು ಎಲ್ಲರೂ ಹತ್ತೂವರೆಗೆ ಬಂದ್ವಿ, ಕೇಳೋರೇ ಇಲ್ಲ. ನಿನ್ನ ಕುರ್ಚಿ ಖಾಲಿ ಇದೆ, ಸೋಮವಾರವೇ ಬಂದ್ಬಿಡು!”

ಎಂ.ಡಿ. ಅದನ್ನು ಎರಡನೇ ಸಲ ಓದುವಷ್ಟರಲ್ಲಿ ಮೂಗಿನ ಕೆಳಗೆ ಒಂದು ಅಂಗೈ ಬಂದು ನಿಂತಿತು.

“ಕೆಲಸದ ಹೊತ್ತಲ್ಲಿ ಫೋನಾ? ಕೊಡಿ ಇಲ್ಲಿ. ಸಂಜೆ ಆರಕ್ಕೆ ವಾಪಸ್.”