ಶುಂಠಿಗೆಂದು ತಂದ ಬಿಯರ್ ಬಾಟ್ಲಿಗಳು

ತುಂಬಿದ ಬಾಟ್ಲಿ ಒಯ್ಯುವವರನ್ನು ಪುಣೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಖಾಲಿ ಬಾಟ್ಲಿ ಒಯ್ಯುವವರನ್ನು ಎಲ್ಲರೂ ಕೇಳುತ್ತಾರೆ. ನಾಲ್ಕು ವರ್ಷದಿಂದ ನಾನು ಉತ್ತರ ಕೊಡುತ್ತಲೇ ಇದ್ದೇನೆ. ಕೇಳುವವರು ಮಾತ್ರ ಮುಗಿದಿಲ್ಲ.

ನಾನು ವಿಜಯಪುರದವಳು. ಶಿವಾಜಿನಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಶುಂಠಿ ಬಿಯರ್ ಮಾಡುತ್ತೇನೆ. ಹೆಸರು ಕೇಳಿ ಗಾಬರಿಯಾಗಬೇಡಿ. ಶುಂಠಿ, ಸಕ್ಕರೆ, ಲಿಂಬೆಹಣ್ಣು, ನೀರು, ಇಷ್ಟೇ. ನಾಲ್ಕು ದಿನ ಹುದುಗಿಸಿದರೆ ಸೋಡಾದ ಹಾಗೆ ನೊರೆ ಬರುತ್ತದೆ, ಕುಡಿದರೆ ಮೂಗಿಗೆ ಏರುತ್ತದೆ. ಅಮಲು ಹುಳಿ ಮಜ್ಜಿಗೆಗಿಂತ ಒಂದು ಕೈ ಹೆಚ್ಚಿರಬಹುದು. ಆದರೆ ಒಳಗೆ ಗ್ಯಾಸು ಕಟ್ಟುವುದರಿಂದ ಸಾದಾ ಬಾಟ್ಲಿ ತಾಳುವುದಿಲ್ಲ, ದಪ್ಪ ಗಾಜಿನ ಬಿಯರ್ ಬಾಟ್ಲಿಯೇ ಆಗಬೇಕು. ಹೊಸದನ್ನು ಕಾರ್ಖಾನೆಯವರು ಸಾವಿರಗಟ್ಟಲೆ ಕೊಂಡರೆ ಮಾತ್ರ ಕೊಡುತ್ತಾರೆ. ನನಗೆ ಬೇಕಾದದ್ದು ಎರಡು ಡಜನ್. ಹೀಗಾಗಿ ಊರವರು ಕುಡಿದು ಬಿಟ್ಟ ಬಾಟ್ಲಿ ತಂದು, ತೊಳೆದು, ಕುದಿಸಿ, ತುಂಬಿಸಿ, ಹೊಸ ಮುಚ್ಚಳ ಒತ್ತುತ್ತೇನೆ.

ನಮ್ಮವರು ಗಣಿತದ ಮಾಸ್ತರು. ಚಹಾ ಸಹ ಅರ್ಧ ಕಪ್ಪಿಗಿಂತ ಹೆಚ್ಚು ಕುಡಿದವರಲ್ಲ. ಇದರಿಂದ ಹೆಸರು ಕೆಟ್ಟಿದ್ದು ಮಾತ್ರ ಅವರದೇ.

೧. ಭಂಗಾರದ ಅಂಗಡಿ

ಹಳೆ ಪೇಪರು, ಮುರುಕಲು ಸಾಮಾನು ಕೊಳ್ಳುವ ಅಂಗಡಿಗೆ ಇಲ್ಲಿ ಭಂಗಾರದ ಅಂಗಡಿ ಅನ್ನುತ್ತಾರೆ. ಮೊದಲ ಸಲ ಅಲ್ಲಿಗೆ ಹೋಗಿ "ಬಿಯರ್ ಬಾಟ್ಲಿ ಬೇಕಿತ್ತು, ಇಪ್ಪತ್ತನಾಲ್ಕು" ಅಂದಾಗ ಅಂಗಡಿಯವನು ತಕ್ಕಡಿ ಕೆಳಗಿಟ್ಟು ನನ್ನನ್ನು ನೋಡಿದ.

"ತಾಯಿ, ಇಲ್ಲಿ ಜನ ಮಾರಲಿಕ್ಕೆ ಬರ್ತಾರೆ" ಎಂದ ಮರಾಠಿಯಲ್ಲಿ.

"ಗೊತ್ತಿದೆ. ನನಗೆ ಕೊಳ್ಳಬೇಕಾಗಿದೆ."

ಹಿಂದಿನ ರಾಶಿ ತೋರಿಸಿದ. ನಾನು ಒಂದೊಂದೇ ಬಾಟ್ಲಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದೆ. ಬಾಯಿಯ ಸುತ್ತ ಬೆರಳಾಡಿಸಿದೆ. ಸ್ವಲ್ಪ ಚಕ್ಕೆ ಎದ್ದಿದ್ದನ್ನೂ ಪಕ್ಕಕ್ಕಿಟ್ಟೆ. ಬುಡಕ್ಕೆ ಬೆರಳಿನಿಂದ ತಟ್ಟಿ ಸಪ್ಪಳ ಕೇಳಿದೆ. ಅಂಗಡಿಯವನ ಮುಖದಲ್ಲಿ ಮೊದಲು ಇದ್ದ ಅನುಮಾನ ಹೋಗಿ ಗೌರವ ಬಂತು. ಇಷ್ಟು ಅನುಭವವಿರುವ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಮುಂದಿನ ರವಿವಾರ ಹಳೆ ಪೇಪರು ಹಾಕಲು ನಾವಿಬ್ಬರೂ ಅಲ್ಲಿಗೇ ಹೋದೆವು. ಅವನು ನನಗೆ ನಮಸ್ಕಾರ ಮಾಡಿದ. ನಮ್ಮವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಹೆಗಲ ಮೇಲೆ ಕೈ ಹಾಕಿ, ರಾಶಿಯ ಆಚೆಗೆ ಕರೆದೊಯ್ದ. ಏನೋ ಮೆಲ್ಲಗೆ ಹೇಳಿದ. ನಮ್ಮವರು ಕೆಂಪಾಗಿ ತಿರುಗಿ ಬಂದರು.

"ಏನಂದನ್ರಿ ಅವ?" ಎಂದು ಕೇಳಿದೆ.

"ನೀ ಭಾಳ ಛಲೋ ಹೆಣ್ಣುಮಗಳಂತ."

ನನಗೆ ಸಂತೋಷವಾಯಿತು. ಆ ಮಾತಿನ ಉಳಿದರ್ಧ ಅವರ ಬಾಯಿಂದ ಹೊರಬರಲು ಎರಡು ದಿನ ಹಿಡಿಯಿತು. "ನಿಮ್ಮ ಮನೆಯವರು ಒಳ್ಳೆಯವರು. ಅವರ ಮುಖ ನೋಡಿಯಾದರೂ ಸ್ವಲ್ಪ ಕಡಿಮೆ ಮಾಡ್ರಿ ಸಾಹೇಬ್ರ, ಕಡೀಕೆ ಬಾಟ್ಲಿ ತರೂದಕ್ಕಾದ್ರೂ ನೀವ ಬರ್ರಿ" ಅಂದಿದ್ದನಂತೆ.

೨. ಬಸ್ಸಿನ ಅಜ್ಜಿ

ನಮ್ಮ ಕಾಲೇಜಿನ ಹತ್ತಿರ ಕರಾವಳಿ ಕಡೆಯವರ ಒಂದು ಹೋಟೆಲಿದೆ, ಬೆಳಿಗ್ಗೆ ಇಡ್ಲಿ, ರಾತ್ರಿ ಬಾರು. ಮಾಲಕರು ಕನ್ನಡದಲ್ಲಿ ಮಾತಾಡುವ ನನಗೆ ಇಡ್ಲಿಯ ಜೊತೆ ಎರಡನೇ ಸಲ ಚಟ್ನಿ ಕೇಳದೆ ಹಾಕಿಸುತ್ತಾರೆ. ಒಂದು ಶನಿವಾರ, "ನಮ್ಮಲ್ಲಿ ಖಾಲಿ ಬಾಟ್ಲಿ ಬೇಕಾದಷ್ಟುಂಟು ಮಾರಾಯ್ರೆ, ನಾಳೆ ಬೆಳಿಗ್ಗೆ ಬಂದು ತೆಗೊಂಡು ಹೋಗಿ" ಅಂದರು.

ರವಿವಾರ ಬೆಳಿಗ್ಗೆ ಎಂಟಕ್ಕೆ ಎರಡು ಚೀಲ ತುಂಬಿಕೊಂಡು ಬಸ್ ಹತ್ತಿದೆ. ಪೇಪರು ಸುತ್ತಲು ಮರೆತಿದ್ದೆ. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಮದುವೆ ಮನೆಗೆ ಬಳೆಗಾರ ಬಂದಂತೆ ಸಪ್ಪಳ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ಬಂದು ಚೀಲದ ಕಡೆ ಗದ್ದ ಎತ್ತಿದ.

"ಏನದು?"

"ಖಾಲಿ ಬಾಟ್ಲಿ. ಎಲ್ಲಾ ಖಾಲಿ."

ಖಾಲಿ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಅವನು ಚೀಲದೊಳಗೆ ಇಣುಕಿ, ಕೈಗಡಿಯಾರ ನೋಡಿಕೊಂಡು, "ಸಕಾಳೀಚ್ ಸಂಪಲ್ಯಾ?" ಎಂದ. ಬೆಳಿಗ್ಗೆಯೇ ಮುಗಿಸಿಬಿಟ್ಟಿರಾ ಅಂತ.

ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಪಕ್ಕದಲ್ಲಿ ಒಂಬತ್ತು ಗಜದ ಸೀರೆಯ ಒಬ್ಬ ಅಜ್ಜಿ ಕೂತಿದ್ದರು. ಅವರೊಬ್ಬರೇ ನಗಲಿಲ್ಲ. ತಮ್ಮ ಸ್ಟಾಪು ಬಂದಾಗ ಸಂತೆಚೀಲದಿಂದ ಒಂದು ದೊಡ್ಡ ಲಿಂಬೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟರು. "ಮನೆಗೆ ಹೋದ ಕೂಡಲೇ ಉಪ್ಪು ಹಾಕಿ ಕುಡಿದು ಮಲಕೋ. ತಲೆಗೇರಿದ್ದು ಇಳೀತದ" ಎಂದು ಮೆಲ್ಲಗೆ ಹೇಳಿ, ಬೆನ್ನು ಸವರಿ ಇಳಿದು ಹೋದರು.

ಆ ಲಿಂಬೆಹಣ್ಣನ್ನು ಅವತ್ತಿನ ಶುಂಠಿ ಬಿಯರಿಗೆ ಹಿಂಡಿದೆ. ಅಷ್ಟು ರುಚಿಯ ಪಾನಕ ಅದಕ್ಕಿಂತ ಮುಂಚೆ ನಾನು ಮಾಡಿರಲಿಲ್ಲ.

೩. ನೀಲಿ ಚೀಲ

ನನ್ನ ತಮ್ಮನ ಹೆಂಡತಿ ಮೈಸೂರಿನವಳು. ಮಗರಪಟ್ಟಾದಲ್ಲಿ ಐಟಿ ಕೆಲಸ, ಅಲ್ಲಿಯೇ ಒಂದು ಟವರಿನಲ್ಲಿ ಮನೆ. "ಅಕ್ಕಾ, ನೀವ್ಯಾಕೆ ಅಲ್ಲಿ ಇಲ್ಲಿ ಅಲೀತೀರಾ? ನಮ್ ಬಿಲ್ಡಿಂಗ್ ಗ್ರೂಪಲ್ಲಿ ಒಂದ್ ಮೆಸೇಜ್ ಹಾಕಿದ್ರೆ ಆಯ್ತು" ಅಂದಳು.

ಹಾಕಿಯೂ ಹಾಕಿದಳು. ಮನೆಯಲ್ಲಿ ಖಾಲಿ ಬಿಯರ್ ಬಾಟ್ಲಿ ಇದ್ದವರು ಏಳನೇ ಮಹಡಿಯ ತನ್ನ ಬಾಗಿಲ ಮುಂದೆ ಇಡಬಹುದು, ಮರುಬಳಕೆಗೆ ಬೇಕು ಎಂದು. ಸಂಜೆಯವರೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಕೊನೆಗೆ ಸೊಸೈಟಿಯ ಸೆಕ್ರೆಟರಿಯವರದೊಂದು ಮೆಸೇಜ್ ಬಂತು: ನಮ್ಮದು ಕುಟುಂಬಸ್ಥರ ಕಟ್ಟಡ, ಇಲ್ಲಿ ಅಂಥದ್ದೆಲ್ಲ ಯಾರ ಮನೆಯಲ್ಲೂ ಸಿಗಲಾರದು. ಅದಕ್ಕೆ ಹದಿನೆಂಟು ಜನ ಕೈಮುಗಿದ ಚಿತ್ರ ಹಾಕಿದರು.

ಮರುದಿನ ಬೆಳಿಗ್ಗೆ ಅವಳು ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರೆ ಹಾಲಿನ ಪಾಕೀಟು ಕಾಣಿಸಲಿಲ್ಲ. ಬಾಗಿಲಿನಿಂದ ಲಿಫ್ಟಿನವರೆಗೆ ಚೀಲಗಳು. ಒಂದರ ಮೇಲೂ ಹೆಸರಿಲ್ಲ. ಕೆಲವಕ್ಕೆ ಪಾಪ, ದೇವರ ಕ್ಯಾಲೆಂಡರಿನ ಹಾಳೆ ಸುತ್ತಿದ್ದರು. ನಾನೂ ನಮ್ಮವರೂ ಹೋಗಿ ರಿಕ್ಷಾದಲ್ಲಿ ಎರಡು ಖೇಪು ಹೊತ್ತು ತಂದೆವು.

ಮಧ್ಯಾಹ್ನ ತಮ್ಮನ ಹೆಂಡತಿಯ ಫೋನು. ನಗು ತಡೆಯಲಾರದೆ ಮಾತೇ ಹೊರಡುತ್ತಿಲ್ಲ.

"ಅಕ್ಕಾ, ಆ ನೀಲಿ ಚೀಲ ಇದ್ಯಲ್ಲಾ, ಜಿಪ್ ಇರೋದು, ಅದನ್ನ ವಾಪಸ್ ಕಳಿಸ್ತೀರಾ? ಸೆಕ್ರೆಟರಿ ನನಗೆ ಮಾತ್ರ ಮೆಸೇಜ್ ಮಾಡಿದಾರೆ."

"ಏನಂತ?"

"ಚೀಲ ನಮ್ಮದು, ಬಾಟ್ಲಿ ನಮ್ಮದಲ್ಲ ಅಂತ."

೪. ಜೇಜುರಿಯ ದೀಪ

ಬಾಟ್ಲಿಯ ಮೇಲಿನ ಲೇಬಲ್ಲು ತೆಗೆಯುವುದು ಸುಲಭ. ಬಿಸಿನೀರಿಗೆ ಸೋಡಾ ಪುಡಿ ಹಾಕಿ ಒಂದು ದಿನ ನೆನೆಯಲು ಬಿಟ್ಟರೆ ತಾನೇ ಬಿಡುತ್ತದೆ. ಕೆಲವು ಬಾಟ್ಲಿಗಳಲ್ಲಿ ಗಾಜಿನ ಮೇಲೇ ಉಬ್ಬಿದ ಅಕ್ಷರಗಳಿರುತ್ತವೆ, ಅವು ಯಾವ ಸೋಡಾಕ್ಕೂ ಬಗ್ಗುವುದಿಲ್ಲ.

ಅತ್ತೆಯವರು ಜೇಜುರಿ ಖಂಡೋಬನ ದರ್ಶನಕ್ಕೆಂದು ಊರಿಂದ ಬಂದರು. ಬಚ್ಚಲಿನಲ್ಲಿ ಬಾಟ್ಲಿ ತುಂಬಿದ ಬಕೆಟ್ ನೋಡಿ, "ಇವೇನ್ವಾ ಇಷ್ಟು ಬಾಟ್ಲಿ?" ಎಂದರು. "ಶುಂಠಿ ಪಾನಕಕ್ರಿ ಅತ್ತಿ" ಎಂದೆ. ಸುಳ್ಳೇನೂ ಆಗಿರಲಿಲ್ಲ.

ಜೇಜುರಿಗೆ ಹೊರಡುವ ದಿನ ದೀಪಕ್ಕೆಂದು ಊರಿನ ಗಾಣದ ಎಣ್ಣೆ ಒಯ್ಯಬೇಕಿತ್ತು. ಅತ್ತೆಯವರೇ ನನ್ನ ಸಾಲಿನಿಂದ ಒಂದು ಚಪ್ಪಟೆ ಬಾಟ್ಲಿ ಆರಿಸಿ, ತುಂಬಿ, ಸೆರಗಿನಲ್ಲಿ ಒರೆಸಿ ಇಟ್ಟುಕೊಂಡಿದ್ದರು. ಬಿಯರಿನ ಜೊತೆ ತಪ್ಪಿ ಬಂದಿದ್ದ ರಮ್ಮಿನ ಬಾಟ್ಲಿ ಅದು. ನನಗೆ ಗೊತ್ತಾದದ್ದು ಮೆಟ್ಟಿಲು ಹತ್ತಿ ಮೇಲೆ ಹೋದ ನಂತರ, ಅತ್ತೆಯವರು ಅದನ್ನು ಚೀಲದಿಂದ ತೆಗೆದಾಗ.

ದೀಪದ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಬಾಟ್ಲಿ ಈಸಿಕೊಂಡರು. ಉಬ್ಬಿದ ಅಕ್ಷರದ ಮೇಲೆ ಅವರ ಹೆಬ್ಬೆರಳು ಬಿತ್ತು. ಓದಿದರು. ಅತ್ತೆಯವರ ಕುಂಕುಮ ನೋಡಿದರು. ಆಮೇಲೆ ನಮ್ಮವರನ್ನು ನೋಡಿದರು. ನಮ್ಮವರು ಗೋಪುರ ನೋಡುತ್ತ ನಿಂತರು.

"ಆಜೀ, ಇದು ಎಣ್ಣೆನೇ ಹೌದಲ್ಲ?"

ಅತ್ತೆಯವರಿಗೆ ಗಡಿ ಕಡೆಯ ಮರಾಠಿ ಒಂದಿಷ್ಟು ಬರುತ್ತದೆ. "ಹೌದ್ರಿ, ಅಂಗಡೀದಲ್ಲ. ನಮ್ಮ ಊರಾಗ ಮುಂದ ನಿಂತು ತೆಗಿಸಿದ್ದು, ಒಂದು ಹನಿ ನೀರು ಬೆರೆಸಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು.

ಆ ಹಿರಿಯರು ಸುತ್ತಲಿದ್ದವರನ್ನು ಕೈಸನ್ನೆಯಿಂದ ಹಿಂದೆ ಸರಿಸಿದರು. ತಾವೂ ಎರಡು ಹೆಜ್ಜೆ ಹಿಂದೆ ಹೋಗಿ, ತೋಳನ್ನು ಪೂರ್ತಿ ಚಾಚಿ, ಮುಖ ಆಚೆ ತಿರುಗಿಸಿ, ದೀಪಕ್ಕೆ ಒಂದೊಂದೇ ಹನಿ ಬಿಟ್ಟರು. ದೀಪ ಎಲ್ಲ ದೀಪಗಳ ಹಾಗೆ ಉರಿಯಿತು.

ಅತ್ತೆಯವರ ಕಣ್ಣು ತುಂಬಿ ಬಂತು. "ನಮ್ಮೂರಾಗ ಭಕ್ ಅಂತ ಸುರಿದ ಬಿಡ್ತಾರ" ಎಂದರು ನನಗೆ. "ಇಲ್ಲಿ ನೋಡವಾ, ಎಷ್ಟು ಅಂಜಿಕಿ, ಎಷ್ಟು ಭಕ್ತಿ."

೫. ಮನೆ ಮಾಲಕರು

ನಾವಿರುವುದು ಬಾಡಿಗೆ ಮನೆ. ಮಾಲಕರು ಕೆಳಗೆ ಒಬ್ಬರೇ ಇರುತ್ತಾರೆ. ನಿವೃತ್ತರು, ಮಾತು ಕಡಿಮೆ. ಹೇಳಬೇಕಾದದ್ದನ್ನು ಮರಾಠಿಯಲ್ಲಿ ಹಲಗೆಯ ಮೇಲೆ ದುಂಡಗೆ ಬರೆದು ತೂಗುಹಾಕುತ್ತಾರೆ. ಗೇಟಿನ ಹಲಗೆ: "ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ತೆರೆದರೆ ನೀವೇ ಪಶ್ಚಾತ್ತಾಪ ಪಡುತ್ತೀರಿ." ಕರಾರು ಪತ್ರದಲ್ಲಿ ಅವರೇ ಬರೆಸಿದ ಒಂದು ಸಾಲೂ ಇತ್ತು. ಮನೆಯಲ್ಲಿ ಮದ್ಯ ಕಂಡರೆ ಅದೇ ತಿಂಗಳು ಮನೆ ಬಿಡಬೇಕು.

ಏಪ್ರಿಲ್ ತಿಂಗಳು, ಕರಾರು ಹೊಸದು ಮಾಡಬೇಕಾದ ಸಮಯ. ಎಂಟು ವರ್ಷದಿಂದ ಇದ್ದ ಮನೆ, ನಮ್ಮವರ ಶಾಲೆಗೂ ನನ್ನ ಕಾಲೇಜಿಗೂ ಹತ್ತಿರ. ಅಂಥ ದಿನಗಳಲ್ಲಿ ನಾನೊಂದು ಹುಚ್ಚುತನ ಮಾಡಿದೆ. ಚಂದ ಕಂಡವೆಂದು ತೆಳು ಗಾಜಿನ ಎರಡು ಜ್ಯೂಸಿನ ಬಾಟ್ಲಿಗೂ ಶುಂಠಿ ಬಿಯರ್ ತುಂಬಿಸಿದ್ದೆ. ರಜೆಯ ದಿನ ಮಧ್ಯಾಹ್ನ ಎರಡೂವರೆಗೆ, ಅಡುಗೆಮನೆಯ ಕಪಾಟಿನಲ್ಲಿ ಮೊದಲನೆಯದು ಒಡೆಯಿತು. ನಾನು ಓಡಿಹೋಗುವಷ್ಟರಲ್ಲಿ ಎರಡನೆಯದು.

ಕೆಳಗೆ ಬಾಗಿಲು ತೆರೆದ ಸಪ್ಪಳ ಕೇಳಿತು. ಎಂಟು ವರ್ಷದಲ್ಲಿ ಆ ಹೊತ್ತಿಗೆ ಅದು ತೆರೆದದ್ದು ಅದೇ ಮೊದಲು. ನಮ್ಮವರು ಎದ್ದು ಅಂಗಿ ಹಾಕಿಕೊಂಡರು. "ಹೋಗೂದಂತೂ ಹೋಗ್ತೀವಿ, ಸರಿಯಾಗಿ ಹೋಗೋಣು" ಎಂದರು.

ಮಾಲಕರು ಬನಿಯನ್, ಧೋತರದಲ್ಲೇ ಮೇಲೆ ಬಂದರು. ಕಪಾಟು ಬಾಯಿ ತೆರೆದುಕೊಂಡಿತ್ತು. ಕೆಳಗೆ ಗಾಜು, ಮೇಲೆ ಸಾಲಾಗಿ ನಿಂತ ಮೂವತ್ತು ಬಿಯರ್ ಬಾಟ್ಲಿ. ಅವರು ಎಣಿಸಿದರು. ನಾನು ಶುಂಠಿ, ಸಕ್ಕರೆ, ಗ್ಯಾಸು ಎಂದು ಲ್ಯಾಬಿನಲ್ಲಿ ಹುಡುಗರಿಗೆ ಹೇಳುವಂತೆ ಗಡಬಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ಒಂದು ತೆರೀರಿ" ಅಂದರು.

ಮುಚ್ಚಳ ಎಬ್ಬಿಸಿದ್ದೇ ತಡ, ನೊರೆ ಮೇಲೆದ್ದು ಮಾಲಕರ ಕನ್ನಡಕ, ಮೀಸೆ, ಬನಿಯನ್ ಎಲ್ಲ ತೊಯ್ಯಿಸಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಮೀಸೆಯ ಮೇಲೆ ನಾಲಿಗೆ ಆಡಿಸುತ್ತಿದ್ದರು. ಆಮೇಲೆ ಲೋಟ ಕೇಳಿದರು. ಉಳಿದದ್ದನ್ನು ನಿಂತೇ ಕುಡಿದು ಮುಗಿಸಿ, "ಸಕ್ಕರೆ ಜಾಸ್ತಿಯಾಗಿದೆ" ಎಂದಷ್ಟೇ ಹೇಳಿ ಇಳಿದು ಹೋದರು.

ಅವತ್ತು ನಮಗೆ ಊಟ ಸೇರಲಿಲ್ಲ. ನಮ್ಮವರು ಬಾಡಿಗೆ ಮನೆಗಳ ಜಾಹೀರಾತು ನೋಡುತ್ತ ಕೂತರು. ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಆ ಲೋಟ ಇತ್ತು, ತೊಳೆದು ಬೋರಲು ಹಾಕಿದ್ದು. ನಾನು ಧೈರ್ಯ ಮಾಡಿ ಸಕ್ಕರೆ ಕಡಿಮೆ ಇದ್ದ ಎರಡು ಬಾಟ್ಲಿ ಅವರ ಬಾಗಿಲಲ್ಲಿಟ್ಟು ಬಂದೆ. ಮೂರನೇ ದಿನಕ್ಕೆ ಅವು ಖಾಲಿಯಾಗಿ ಮೇಲೆ ಬಂದವು. ಇನ್ನೆರಡು ಇಟ್ಟೆ. ಅವೂ ಬಂದವು. ಹದಿನೈದು ದಿನದಲ್ಲಿ ಕರಾರಿಗೆ ಸಹಿಯಾಯಿತು. ಮದ್ಯದ ಸಾಲು ಹಾಗೆಯೇ ಇತ್ತು, ಕೆಳಗೆ ಕೈಬರಹದಲ್ಲಿ "ಶುಂಠಿ ಬಿಟ್ಟು" ಎಂದು ಸೇರಿಸಿದ್ದರು.

ಅಷ್ಟರಲ್ಲಿ ಓಣಿಗೆಲ್ಲ ಸುದ್ದಿ ಹಬ್ಬಿತ್ತು. ಮೇಲಿನ ಮನೆಯಲ್ಲಿ ಬಿಯರ್ ಮಾಡುತ್ತಾರಂತೆ ಎಂದು ಒಬ್ಬೊಬ್ಬರೇ ಮೆಟ್ಟಿಲು ಹತ್ತತೊಡಗಿದರು. ಒಂದು ಸಂಜೆ ನಮ್ಮವರು ಶಾಲೆಯಿಂದ ಬಂದವರು ಮೇಲೆ ಬರಲೇ ಇಲ್ಲ. ಇಣುಕಿ ನೋಡಿದರೆ ಮೆಟ್ಟಿಲ ಬುಡದಲ್ಲಿ ಗೋಡೆ ಹಿಡಿದುಕೊಂಡು ನಗುತ್ತಿದ್ದಾರೆ. ಅಲ್ಲಿ ಹೊಸ ಹಲಗೆ ತೂಗುತ್ತಿತ್ತು, ಬಣ್ಣ ಇನ್ನೂ ಹಸಿ.

"ಮೇಲಿನ ಮನೆಯಲ್ಲಿ ಬಿಯರ್ ಇಲ್ಲ. ಇರುವುದು ಶುಂಠಿ ಪಾನಕ. ಅದನ್ನು ಕೇಳಿಕೊಂಡು ಯಾರೂ ಮೆಟ್ಟಿಲು ಹತ್ತಬಾರದು. ಮಾಡಿದ್ದು ಮಾಲಕರಿಗೇ ಸಾಲುತ್ತಿಲ್ಲ."