ಸೊನೊರಸ್ ಎಂದರೆ ನಮ್ಮ ಅತ್ತೆ

ಡಿಕ್ಷನರಿಯಲ್ಲಿ ಶಬ್ದದ ಅರ್ಥ ಸಿಗುತ್ತದೆ, ಹುಟ್ಟಿದ ಊರೂ ಸಿಗುತ್ತದೆ. ಅದು ನಮ್ಮ ಮನೆಗೆ ಬಂದು ಕೂತದ್ದು ಹೇಗೆ ಎಂಬುದು ಮಾತ್ರ ಸಿಗುವುದಿಲ್ಲ. 'ಸೊನೊರಸ್' ಎಂಬ ಶಬ್ದ ನನಗೆ ಸಿಕ್ಕಿದ್ದು ಕಾನ್ವೆಂಟಿನ ಸಿಸ್ಟರ್ ಒಬ್ಬರಿಂದ. ಲ್ಯಾಟಿನ್ನಿನಲ್ಲಿ 'ಸೊನೊರ್' ಎಂದರೆ ನಾದವಂತೆ. ತುಂಬಿಕೊಂಡು ಮೊಳಗುವ ದನಿಗೆ ಸೊನೊರಸ್ ಎನ್ನಬೇಕಂತೆ, ಚರ್ಚಿನ ಗಂಟೆಯ ಹಾಗೆ. ಹುಡುಗಿಯರಿಗೆ ಅದು ಸಲ್ಲದು ಎಂದೂ ಅವರೇ ಹೇಳಿದ್ದರು. "ಎ ಲೇಡಿ ನೆವರ್ ಶೌಟ್ಸ್!"

ಹಾಗೆ ಪಾಲಿಶ್ ಮಾಡಿಸಿಕೊಂಡ ದನಿಯನ್ನು ಹೊತ್ತು, ಅರವತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದದ್ದು ಮರವಂತೆಯ ಹತ್ತಿರ, ಹೊಳೆಯ ನಡುವಿನ ಒಂದು ಕುದ್ರುವಿಗೆ. ಸುತ್ತಲೂ ನೀರು. ದೋಣಿಯೂ ದೋಣಿಯ ಸೂರನೂ ಆಚೆ ದಡದಲ್ಲಿ, ಬಸ್ಸು ಹೋಗುವ ರಸ್ತೆಯ ಬದಿಗೆ. ಕೂಗಿದರೆ ಬರುತ್ತಾನೆ, ಇಲ್ಲದಿದ್ದರೆ ಬೀಡಿ ಸೇದುತ್ತಾನೆ.

ಕುಂದಾಪುರದ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ನನಗೋ ಆ ಕೆಲಸ ಬೇಕೇ ಬೇಕು. ಗಂಜಿ ಹಾಕಿದ ಸೀರೆಯುಟ್ಟು ದಡದಲ್ಲಿ ನಿಂತು, "ಸೂರಾ, ಸ್ವಲ್ಪ ಬರ್ತೀಯಾ?" ಎಂದೆ. ಪಕ್ಕದ ಕೊಕ್ಕರೆ ಕೂಡ ತಿರುಗಿ ನೋಡಲಿಲ್ಲ. ಕರ್ಚೀಫು ಬೀಸಿದೆ. ಸೂರನೂ ಪ್ರೀತಿಯಿಂದ ಕೈ ಬೀಸಿದ.

ಅಷ್ಟರಲ್ಲಿ ಅತ್ತೆ ಸೆಗಣಿ ಕೈಯಲ್ಲೇ ಬಂದರು. "ಎಂತ ಹೆಣೆ, ಅಂವ ನಿನ್ ನೆಂಟನಾ ಕೈ ಬೀಸುಕೆ? ಬಸ್ಸ್ ಹೋತ್ ಕಾಣ್!" ಎಂದವರೇ ಉಸಿರೆಳೆದುಕೊಂಡು, "ಹ್ವಾಯ್! ಸೂರಾ! ದೋಣಿ ತಕಂಡ್ ಬಾರಾ!" ಎಂದರು.

ಕೊಕ್ಕರೆ ಹಾರಿತು. ಸೂರನ ಬೀಡಿ ನೀರಿಗೆ ಬಿತ್ತು. ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತೇಬಿಟ್ಟಿತು.

"ಅತ್ತೆ, ನಿಮ್ಮ ದನಿ ಸೊನೊರಸ್!" ಎಂದೆ.

"ಹಾಂಗಂದ್ರೆ ಎಂತ? ಬೈದದ್ದಾ?"

"ಅಲ್ಲ ಅತ್ತೆ, ದೇವಸ್ಥಾನದ ಗಂಟೆ ಹಾಗೆ."

"ಹಾಂಗಾರೆ ಅಡ್ಡಿಲ್ಲ. ದೋಣಿ ಬಂತ್, ಬೇಗ ಹತ್ತ್."

ಇಂಟರ್‌ವ್ಯೂನಲ್ಲಿ ಒಂದು ಪುಟ ಓದಿಸಿದರು. "ಇಂಗ್ಲಿಷ್ ಚೆಂದ ಇದೆಯಮ್ಮ, ಆದರೆ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ" ಎಂದು ಹೆಡ್‌ಮಾಸ್ಟರರು ಫೈಲು ಮುಚ್ಚಹೊರಟರು. ಕೆಲಸ ಕೈಜಾರುತ್ತಿತ್ತು. ನಾನು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, ಅವರಿಗೂ ನನಗೂ ನಡುವೆ ನಮ್ಮ ಹೊಳೆಯನ್ನು ಹರಿಸಿ, ಇನ್ನೊಮ್ಮೆ ಓದಿದೆ. ಹೊರಗಿದ್ದ ಪ್ಯೂನ್ ಓಡಿ ಬಂದು, "ಎಂತಾಯ್ತ್ ಅಮ್ಮ?" ಎಂದ. ಹೆಡ್‌ಮಾಸ್ಟರರು ಕನ್ನಡಕ ಸರಿಮಾಡಿಕೊಂಡು, "ಸೋಮವಾರ ಬನ್ನಿ" ಎಂದರು.

ಮುಂದೆ ಕ್ಲಾಸಿನಲ್ಲಿ ಮಕ್ಕಳು ಸೊನೊರಸ್ ಎಲ್ಲಿಂದ ಬಂತೆಂದು ಕೇಳಿದಾಗಲೆಲ್ಲ ಲ್ಯಾಟಿನ್ ಎಂದೇ ಹೇಳಿದೆ. ಕುದ್ರುವಿನ ಸುದ್ದಿ ಎತ್ತಲಿಲ್ಲ. ಈಗ ಅತ್ತೆಯೂ ಇಲ್ಲ, ದೋಣಿಯೂ ಇಲ್ಲ. ನಾವಿರುವುದು ರಸ್ತೆ ಬದಿಯ ಮನೆಯಲ್ಲಿ. ನಿನ್ನೆ ಒಂದು ಲೋಟ ಕಾಫಿಗೆಂದು ಸೊಸೆಯನ್ನು ಕರೆದೆ.

"ಅತ್ತೆ, ನಾನ್ ಇಲ್ಲೇ ಇದ್ದೆ, ಆಚೆ ದಡದಲ್ಲ್ ಅಲ್ಲ!"

"ಅದಕ್ಕೆ ಸೊನೊರಸ್ ಅಂತಾರೆ, ಮೈ ಡಿಯರ್. ಬಾ, ಅರ್ಥ ಹೇಳ್ತೇನೆ" ಎಂದೆ.

ಅವಳು ಮೊದಲು ಹೋಗಿ ರಸ್ತೆ ಕಡೆಯ ಕಿಟಕಿ ಮುಚ್ಚಿ ಬಂದಳು, ಬಸ್ಸು ನಿಂತುಬಿಟ್ಟೀತೆಂದು.